ಬೆವರ್‌ವೈಕ್ ದಂಡೆಯ ತಿಮಿಂಗಿಲ: ಒಂದು ತಾಮ್ರದಚ್ಚನ್ನು ಓದಿದ್ದು

1601ರ ಡಿಸೆಂಬರ್ 19ರಂದು ನೆದರ್ಲೆಂಡ್ಸ್‌ನ ಬೆವರ್‌ವೈಕ್ ಊರಿನ ಹತ್ತಿರ, ಮರಳದಂಡೆಗೆ ಒಂದು ಸ್ಪರ್ಮ್ ತಿಮಿಂಗಿಲ ಬಂದು ಬಿತ್ತು. ನೋಡಲು ಸುತ್ತಲ ಸೀಮೆಯ ಜನ ಮುಗಿಬಿದ್ದರು. ಹಾಗೆ ಹೋದವರಲ್ಲಿ ಅಲ್ಲೇ ಪಕ್ಕದ ಅಸೆನ್‌ಡೆಲ್ಫ್ಟ್ ಹಳ್ಳಿಯಲ್ಲಿ ನೆಲೆಸಿದ್ದ ಯಾನ್ ಸಾನ್ರೆಡಾಮ್ ಎಂಬ ಕೆತ್ತನೆಗಾರನೂ ಇದ್ದ. ಮರುವರ್ಷ, ಅಂದರೆ 1602ರಲ್ಲಿ, ಅವನ ತಾಮ್ರದ ತಗಡಿನಿಂದ ಒಂದು ದೊಡ್ಡ ಚಿತ್ರ ಅಚ್ಚಾಗಿ ಹೊರಬಂತು. ಅಗಲ ಸುಮಾರು 60 ಸೆಂಟಿಮೀಟರ್, ಎತ್ತರ 40ರ ಆಸುಪಾಸು. ನಡುವೆ ಗುಡ್ಡದ ಹಾಗೆ ಮಲಗಿದ ಪ್ರಾಣಿ. ಅದರ ಸುತ್ತ, ಹಿಂದೆ, ದೂರದ ಮರಳದಿಬ್ಬಗಳ ತನಕವೂ ಜನ, ಕುದುರೆ, ಗಾಡಿ. ಮುಂಭಾಗದಲ್ಲಿ ಗರಿ ಸಿಕ್ಕಿಸಿದ ಟೋಪಿಯ ಒಬ್ಬ ದೊಡ್ಡ ಮನುಷ್ಯ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದಾನೆ. ಒಂದು ಪಕ್ಕದಲ್ಲಿ ಚಿತ್ರಕಾರ ತಾನೇ ಕೂತು ಬರೆಯುತ್ತಿದ್ದಾನೆ. ಗಾಳಿಗೆ ಅಡ್ಡವಾಗಲೆಂದು ಯಾರೋ ಅವನ ಬೆನ್ನಿಗೆ ಮೇಲಂಗಿ ಹಿಡಿದಿದ್ದಾರೆ. ಮೇಲಿನ ಚೌಕಟ್ಟಿನ ಅಲಂಕಾರದೊಳಗೆ ಸೂರ್ಯಗ್ರಹಣ, ಚಂದ್ರಗ್ರಹಣ, ಭೂಕಂಪ. ಕೆಳಗೆ ಲ್ಯಾಟಿನ್ ಪದ್ಯ.

ಗಂಡನ ಕೆಲಸದ ದೆಸೆಯಿಂದ ಆಮ್‌ಸ್ಟೆಲ್‌ವೀನ್‌ಗೆ ಬಂದು ನೆಲೆಸಿದ ಮೇಲೆ ಈ ಚಿತ್ರ ನನ್ನನ್ನು ಹಿಡಿದುಕೊಂಡಿತು. ಮೈಸೂರಿನಲ್ಲಿ ಕಲಾಶಾಲೆಯಲ್ಲಿದ್ದಾಗ ನನ್ನ ವಿಷಯ ಗ್ರಾಫಿಕ್ಸ್, ಅಂದರೆ ಮುದ್ರಣಕಲೆ. ಆಮೇಲೆ ಹೊಟ್ಟೆಪಾಡಿಗೆ ಪುಸ್ತಕ ವಿನ್ಯಾಸಕ್ಕೆ ಇಳಿದವಳು. ಇಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ತನ್ನ ಹಳೆಯ ಅಚ್ಚುಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳುವ ಹಾಗೆ ಇಟ್ಟಿದೆ. ಮಗ ಶಾಲೆಗೆ ಹೋದ ಮೇಲೆ ಲ್ಯಾಪ್‌ಟಾಪ್ ತೆರೆದು ತಿಮಿಂಗಿಲದ ಮೈಮೇಲೆ ಓಡಾಡುವುದು ನನ್ನ ಚಟವಾಯಿತು. ಈ ಚಿತ್ರದ ಬಗ್ಗೆ ಓದಲು ಸಿಗುವುದರಲ್ಲಿ ಹೆಚ್ಚಿನದು ಒಂದೇ ಮಾತನ್ನು ಹೇಳುತ್ತದೆ: ಸ್ಪೇನ್ ವಿರುದ್ಧ ಯುದ್ಧದಲ್ಲಿದ್ದ ಡಚ್ಚರಿಗೆ ದಂಡೆಗೆ ಬಿದ್ದ ತಿಮಿಂಗಿಲವೆಂದರೆ ಅಪಶಕುನ, ಗ್ರಹಣ, ಭೂಕಂಪಗಳ ಜೊತೆ ಸೇರಿಸಿದ್ದರಿಂದ ಈ ಚಿತ್ರವೂ ಅದನ್ನೇ ಸಾರುತ್ತದೆ. ಸರಿ. ಆದರೆ ಅಪಶಕುನಕ್ಕೆ ಹೆದರಿದವರು ಇಷ್ಟು ಸಿಂಗರಿಸಿಕೊಂಡು ಹೆಂಗಸರು ಮಕ್ಕಳ ಸಮೇತ ನೋಡಲು ಹೋಗುತ್ತಾರೆಯೇ?

ಈ ಅನುಮಾನವನ್ನು ಮೈಸೂರಿನ ನನ್ನ ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದೆ. ಅವರು ಚಿತ್ರವನ್ನು ವಾಟ್ಸಾಪಿನಲ್ಲಿ ನೋಡಿ, ಕನ್ನಡಕ ಹುಡುಕಿ, ಮತ್ತೆ ನೋಡಿ ಹೇಳಿದ್ದಿಷ್ಟು: "ಅರ್ಥ ಆಮೇಲೆ ಕೇಳುವಿಯಂತಮ್ಮ. ಮೊದಲು ಅವನು ಇದನ್ನ ಹೇಗೆ ಮಾಡಿದ ಅಂತ ಕೈಯಲ್ಲಿ ತಿಳಕೋ. ನಾವು ನಿನಗೆ ಕಲಿಸಿದ್ದು ಎಚಿಂಗ್. ಇದು ಆ್ಯಸಿಡ್ ಕಂಡ ಗೆರೆ ಅಲ್ಲ."

ನಮ್ಮಲ್ಲಿ ಕಲಿಸುತ್ತಿದ್ದದ್ದು ಸತುವಿನ ತಗಡು, ಅದರ ಮೇಲೆ ಅರಗಿನ ಲೇಪ, ಸೂಜಿಯಲ್ಲಿ ಗೀಚಿದ ಮೇಲೆ ನೈಟ್ರಿಕ್ ಆ್ಯಸಿಡ್. ಅಲ್ಲಿ ಕೈಗೆ ಹೆಚ್ಚು ಕೆಲಸವಿಲ್ಲ. ಸೂಜಿ ಲೇಪವನ್ನಷ್ಟೇ ಬಿಡಿಸುತ್ತದೆ, ಲೋಹವನ್ನು ತಿನ್ನುವುದು ಆ್ಯಸಿಡ್. ಕಾಗದದ ಮೇಲೆ ಕೈಬರಹ ಬರೆದಷ್ಟೇ ಸಲೀಸು. ತಾಮ್ರದ ಕೊರೆತದಲ್ಲಿ ಆ್ಯಸಿಡ್‌ನ ಪಾತ್ರವೇ ಇಲ್ಲ. ಬ್ಯೂರಿನ್ ಎಂಬ ಚೌಕ ಮೊನೆಯ ಉಕ್ಕಿನ ಉಳಿಯಿಂದ ಲೋಹವನ್ನೇ ಕೆತ್ತಿ ತೆಗೆಯಬೇಕು. ಕರ್ನಾಟಕದಲ್ಲಿ ಇದನ್ನು ಕಲಿಸುವವರು ನನಗೆ ಯಾರೂ ಸಿಕ್ಕಿರಲಿಲ್ಲ. ಹಾರ್ಲೆಮ್‌ನಲ್ಲಿ ಒಬ್ಬ ಹಿರಿಯ ಮಹಿಳೆ ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಶನಿವಾರಗಳಂದು ಕಲಿಸುತ್ತಾರೆಂದು ತಿಳಿದು ಸೇರಿಕೊಂಡೆ. ಹಾರ್ಲೆಮ್ ಎಂದರೆ ಈ ಕಸುಬಿನ ತವರು. ಸಾನ್ರೆಡಾಮ್‌ನ ಗುರು ಹೆಂಡ್ರಿಕ್ ಗೋಲ್ಟ್ಸಿಯಸ್ ಕೆತ್ತುತ್ತಿದ್ದುದು, 1582ರಿಂದ ತನ್ನದೇ ಪ್ರಕಾಶನ ನಡೆಸುತ್ತಿದ್ದುದು ಇದೇ ಊರಿನಲ್ಲಿ. ಆ ಗೋಲ್ಟ್ಸಿಯಸ್‌ನ ಬಲಗೈ ಮಗುವಾಗಿದ್ದಾಗಲೇ ಬೆಂಕಿಗೆ ಬಿದ್ದು ಸುಟ್ಟು ಬೆರಳುಗಳು ಸೆಟೆದುಹೋಗಿದ್ದವು. 1588ರಲ್ಲಿ ಆ ಕೈಯನ್ನೇ ಅವನು ಮಸಿಯಲ್ಲಿ ಬರೆದಿದ್ದಾನೆ. ಹಾರ್ಲೆಮ್‌ನ ಟೈಲರ್ಸ್ ಮ್ಯೂಸಿಯಂನಲ್ಲಿದೆ. ಬೆರಳು ಬಿಚ್ಚದ ಕೈಯವನು ಯುರೋಪಿಗೇ ಹೆಸರಾದ ಕೆತ್ತನೆಗಾರ ಹೇಗಾದ ಎಂಬ ಪ್ರಶ್ನೆಗೆ ಬ್ಯೂರಿನ್ ಹಿಡಿದ ಮೊದಲ ದಿನವೇ ನನಗೆ ಉತ್ತರ ಸಿಕ್ಕಿತು.

ಏಕೆಂದರೆ ಇಲ್ಲಿ ಬೆರಳಿಗೆ ಕೆಲಸ ಕಡಿಮೆ. ಉಳಿಯ ಹಿಡಿ ಅಣಬೆಯಾಕಾರದ ಮರದ ತುಂಡು, ಅಡಿ ಭಾಗ ಚಪ್ಪಟೆ. ಅದನ್ನು ಅಂಗೈಯ ಗುಳಿಗೆ ಕೂರಿಸಿ, ಉಕ್ಕಿನ ಸರಳನ್ನು ತಗಡಿಗೆ ಹೆಚ್ಚುಕಮ್ಮಿ ಮಟ್ಟಸವಾಗಿ ಮಲಗಿಸಿ, ಮುಂದಕ್ಕೆ ನೂಕಬೇಕು. ನೇಗಿಲಿನಂತೆ: ಮೇಣಿ ಎತ್ತಿದರೆ ಕುಳ ಆಳಕ್ಕಿಳಿಯುತ್ತದೆ, ತಗ್ಗಿಸಿದರೆ ಮೇಲೇಳುತ್ತದೆ. ಬಲ ಬರುವುದು ಭುಜದಿಂದ. ಗೆರೆ ಬಾಗಬೇಕಾದರೆ ಉಳಿಯನ್ನು ತಿರುಗಿಸುವ ಹಾಗಿಲ್ಲ. ತಗಡಿನ ಕೆಳಗೆ ಮರಳು ತುಂಬಿದ ಚರ್ಮದ ದಿಂಬು ಇರುತ್ತದೆ, ಎಡಗೈ ತಗಡನ್ನೇ ಅದರ ಮೇಲೆ ತಿರುಗಿಸುತ್ತದೆ. ಬಲಗೈ ನೇರ ನೂಕುತ್ತದೆ, ಎಡಗೈ ಬಾಗು ಕೊಡುತ್ತದೆ. ಮೊನೆಯ ಮುಂದೆ ತಾಮ್ರದ ಎಳೆ ಸುರುಳಿ ಸುತ್ತಿಕೊಂಡು ಏಳುತ್ತದೆ, ಹೊಳೆಯುತ್ತದೆ, ಬೆರಳಿಗೆ ಚುಚ್ಚುತ್ತದೆ. ಗೆರೆಯ ಎರಡೂ ಅಂಚಿಗೆ ಸಣ್ಣ ದಡ ಎದ್ದಿರುತ್ತದೆ, ಅದನ್ನು ಮೂರು ಮೂಲೆಯ ಹೆರೆಯುವ ಕತ್ತಿಯಿಂದ ಸವರಿ ತೆಗೆಯಬೇಕು. ಇಲ್ಲದಿದ್ದರೆ ಮಸಿ ಅಲ್ಲಿ ಸಿಕ್ಕಿಕೊಂಡು ಗೆರೆ ಮಸುಕಾಗುತ್ತದೆ.

ಹೀಗೆ ಮಾಡುವಾಗ ಗೊತ್ತಾಗುವ ದೊಡ್ಡ ವಿಷಯವೆಂದರೆ ಗೆರೆಯ ದಪ್ಪ. ಇದು ಪೆನ್ನಿನ ಗೆರೆಯ ಹಾಗಲ್ಲ. ಬ್ಯೂರಿನ್ನಿನ ಗೆರೆ ಕೂದಲೆಳೆಯಾಗಿ ಶುರುವಾಗಿ, ನಡುವೆ ಉಬ್ಬಿ, ಮತ್ತೆ ಕೂದಲೆಳೆಯಾಗಿ ಮುಗಿಯುತ್ತದೆ. ಆಳಕ್ಕಿಳಿದಷ್ಟೂ ಅಗಲ. ಅಂಥ ಗೆರೆಗಳನ್ನು ಸಾಲಾಗಿ, ಒಂದೇ ಅಂತರದಲ್ಲಿ, ಬಾಗಿಸಿ ಎಳೆದರೆ ನೆರಳು ತಾನಾಗಿ ಉರುಟಾಗುತ್ತದೆ. ಗೋಲ್ಟ್ಸಿಯಸ್ ಈ ಉಬ್ಬುವ ಗೆರೆಯನ್ನು ಯಾರೂ ಒಯ್ಯದ ಮಟ್ಟಕ್ಕೆ ಒಯ್ದ. 1589ರಲ್ಲಿ ಅವನು ಕೆತ್ತಿದ ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸ್‌ನ ಮೈಯಲ್ಲಿ ಮಾಂಸಖಂಡಗಳು ಗಂಟುಗಂಟಾಗಿ ಉಬ್ಬಿರುವುದೆಲ್ಲ ಈ ಗೆರೆಯ ಕೆಲಸ. ಸಾನ್ರೆಡಾಮ್ ಆ ಕಾರ್ಯಾಗಾರಕ್ಕೆ ಸೇರಿದ್ದು ಅದೇ ಸುಮಾರಿಗೆ. ಅದಕ್ಕೆ ಮುಂಚೆ ಅಪ್ಪ ಅಮ್ಮ ಇಲ್ಲದ ಹುಡುಗ, ಚಿಕ್ಕಂದಿನಲ್ಲಿ ಬುಟ್ಟಿ ಹೆಣೆಯುವ ಕಸುಬಿಗೆ ಬಿದ್ದವನು. ಅಡ್ಡ ಎಳೆ, ಉದ್ದ ಎಳೆ, ಸಮ ಅಂತರ ಇವು ಅವನ ಕೈಗೆ ಮೊದಲೇ ಅಂಟಿದ್ದವು ಎಂದು ನಾನು ಹೇಳಿದರೆ ಮೇಷ್ಟ್ರು ನಗುತ್ತಾರೆ. ನಗಲಿ.

ಒಂದು ಇಡೀ ಮಧ್ಯಾಹ್ನ ಕೂತು ನಾನು ಮುಗಿಸಿದ್ದು ಹೆಬ್ಬೆರಳಿನಷ್ಟು ಜಾಗ. ಅದೂ ಬರೀ ಸಮಾಂತರ ಗೆರೆಗಳು. ಕಸುಬುದಾರನ ಕೈ ನನಗಿಂತ ಎಷ್ಟೋ ಪಾಲು ಬೇಗ ಎನ್ನೋಣ. ಆದರೂ ಅರವತ್ತು ಸೆಂಟಿಮೀಟರ್ ಅಗಲದ ತಗಡು, ನೂರಾರು ತಲೆಗಳು, ಪ್ರತಿ ಕತ್ತಿನ ಸುತ್ತ ಗಂಜಿ ಹಾಕಿದ ಮಡಿಕೆ ಕಾಲರು! ಕಲಿಸುತ್ತಿದ್ದ ಅಜ್ಜಿಯನ್ನು ಕೇಳಿದೆ, ಇಂಥದಕ್ಕೆ ಎಷ್ಟು ಕಾಲ ಬೇಕಾದೀತು ಎಂದು. ಅವರು ಶೆಡ್ಡಿನ ಕಿಟಕಿಯತ್ತ ಕೈ ತೋರಿದರು. ಹೊರಗೆ ನಾಲ್ಕೂವರೆಗೇ ಕತ್ತಲು ಕವಿದಿತ್ತು. "ಬೆಳಕನ್ನು ಕೇಳಿ" ಎಂದರು. ಹೊಳೆಯುವ ತಾಮ್ರದ ಮೇಲೆ ಕೊರೆಯುವವನಿಗೆ ನೇರ ಬಿಸಿಲೂ ಆಗದು, ಮರೆಯಿಲ್ಲದ ದೀಪವೂ ಆಗದು, ಕಣ್ಣಿಗೆ ಹೊಡೆಯುತ್ತದೆ. ಕಿಟಕಿಗೆ ತೆಳು ಕಾಗದದ ಮರೆ ಕಟ್ಟಿ ಹದವಾದ ಬೆಳಕಿನಲ್ಲಿ ಕೂರುತ್ತಿದ್ದರು. ಡಿಸೆಂಬರ್, ಜನವರಿಯಲ್ಲಿ ಹಾಲೆಂಡಿನಲ್ಲಿ ಅಂಥ ಬೆಳಕು ಸಿಗುವುದು ದಿನಕ್ಕೆ ಕೆಲವೇ ಗಂಟೆ.

ಮನೆಗೆ ಬರುವ ಟ್ರೈನಿನಲ್ಲಿ ಇಡೀ ಚಿತ್ರ ಬೇರೆಯಾಗಿ ಕಾಣತೊಡಗಿತು. ತಿಮಿಂಗಿಲ ಬಿದ್ದದ್ದು ಡಿಸೆಂಬರ್ 19. ಸೂರ್ಯಗ್ರಹಣ ಆದದ್ದು ಅದೇ ತಿಂಗಳ 24. ಭೂಕಂಪ ಜನವರಿಯಲ್ಲಿ. ಅಂದರೆ ಸಾನ್ರೆಡಾಮ್ ದಂಡೆಯಲ್ಲಿ ಕೂತು ಬರೆಯುವಾಗ ಇವೆರಡೂ ಇನ್ನೂ ನಡೆದಿರಲಿಲ್ಲ! ದಂಡೆಯಲ್ಲಿ ನೆರೆದ ಆ ಜನಕ್ಕೂ ಗೊತ್ತಿರಲಿಲ್ಲ. ಅವರು ನೋಡಲು ಬಂದದ್ದು ಒಂದು ವಿಚಿತ್ರವನ್ನು. ಅದನ್ನು ಶಕುನಗಳ ಸಾಲಿಗೆ ಸೇರಿಸಿದ್ದು ಆಮೇಲೆ. ಪ್ರಾಣಿ ಕೆಲವೇ ದಿನಗಳಲ್ಲಿ ಕೊಳೆತು ನಾರಿತು, ಎಣ್ಣೆಗೆಂದು ಕೊಯ್ದುಕೊಂಡು ಹೋಗುವವರ ಪಾಲಾಯಿತು. ಚಿತ್ರ ಮಾತ್ರ ಇನ್ನೂ ಮೇಜಿನ ಮೇಲೆ ಅರ್ಧ ಕೊರೆದ ತಗಡಾಗಿ ಕೂತಿತ್ತು. ಕೊರೆಯುತ್ತಿದ್ದಷ್ಟು ದಿನವೂ ಹೊರಗೆ ಏನೇನೋ ನಡೆಯುತ್ತಿತ್ತು. ಹಗಲಲ್ಲಿ ಸೂರ್ಯ ಮಂಕಾದ, ನೆಲ ನಡುಗಿತು, ಜನ ಒಂದನ್ನೊಂದಕ್ಕೆ ಹೊಂದಿಸಿ ಮಾತಾಡತೊಡಗಿದರು. ಆ ಮಾತುಗಳು ಚೌಕಟ್ಟಿಗೆ ಬಂದವು. ನಡುವಿನ ಚಿತ್ರ ಡಿಸೆಂಬರಿನದು. ಮೇಲಿನ ಅಂಚು ಅದಾದ ಮೇಲಿನ ತಿಂಗಳುಗಳದು. ಒಂದೇ ಹಾಳೆಯಲ್ಲಿ ಎರಡು ಕಾಲ. ನನ್ನ ಮೊದಲ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ಓದಿನಲ್ಲೂ ಸಿಕ್ಕಿರಲಿಲ್ಲ.

ಇದನ್ನು ಹಿಡಿದುಕೊಂಡು ರೈಕ್ಸ್‌ಮ್ಯೂಸಿಯಂನ ಅಧ್ಯಯನ ಕೊಠಡಿಗೆ ಹೋದೆ. ಮುಂಚಿತವಾಗಿ ಬರೆದು ಸಮಯ ಗೊತ್ತುಮಾಡಿಕೊಂಡರೆ ಮೂಲ ಪ್ರತಿಯನ್ನೇ ತಂದು ಮುಂದಿಡುತ್ತಾರೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ದಪ್ಪ ರಟ್ಟಿನ ಚೌಕಟ್ಟಿನೊಳಗೆ ಇಟ್ಟ ಹಾಳೆ ಮೇಜಿಗೆ ಬಂದಾಗ ಮೊದಲು ಅನಿಸಿದ್ದು ಇದು ಪರದೆಯ ಮೇಲೆ ಕಾಣುವಷ್ಟು ಕಪ್ಪಾಗಿಲ್ಲವಲ್ಲ ಎಂದು. ಕಪ್ಪು ಇದ್ದರೂ ಅದಕ್ಕೆ ಬೆಳ್ಳಿಯ ಛಾಯೆ. ಹಾಳೆಯ ಪಕ್ಕದಿಂದ ಬೆಳಕು ಬೀಳುವ ಹಾಗೆ ತಲೆ ಬಗ್ಗಿಸಿ ನೋಡಿದರೆ ಗೆರೆಗಳು ಕಾಗದದಿಂದ ಮೇಲೆದ್ದು ನಿಂತಿವೆ. ಮಸಿಯನ್ನು ತಗಡಿನ ಗೀರುಗಳಿಗೆ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸಿ, ಒದ್ದೆ ಕಾಗದ ಇಟ್ಟು, ಉಣ್ಣೆಯ ಹಾಸು ಹೊದಿಸಿ, ಎರಡು ಉರುಳೆಗಳ ನಡುವೆ ಸಾಗಿಸುತ್ತಾರೆ. ಆ ಒತ್ತಡಕ್ಕೆ ಕಾಗದವೇ ಗೀರಿನೊಳಗೆ ಇಳಿದು ಮಸಿಯನ್ನು ಎತ್ತಿಕೊಳ್ಳುತ್ತದೆ. ಹಾಗಾಗಿ ನಾನೂರು ವರ್ಷದ ಮೇಲೂ ಆ ಗೆರೆಗೆ ಮೈ ಇದೆ. ಮ್ಯೂಸಿಯಂನವರು ಮುಟ್ಟಲು ಬಿಡುವುದಿಲ್ಲ, ಬಿಡಲೂಬಾರದು. ಆದರೆ ಕೈ ತುರಿಸಿದ್ದು ನಿಜ.

ಭೂತಗನ್ನಡಿ ಇಟ್ಟು ನೋಡಿದ್ದರಲ್ಲಿ ಮೂರು ಜಾಗ ನನ್ನ ಮನಸ್ಸಿನಲ್ಲಿ ಕೂತಿವೆ.

ತಿಮಿಂಗಿಲದ ಮೈ ಮೊದಲನೆಯದು. ಉದ್ದುದ್ದ ಬಾಗಿದ ಗೆರೆಗಳು ಮೈಯ ಉಬ್ಬನ್ನು ಸುತ್ತಿಕೊಂಡು ಹೋಗುತ್ತವೆ, ನೆರಳಿನ ಕಡೆ ದಪ್ಪವಾಗುತ್ತವೆ. ಇದು ಹಾರ್ಲೆಮ್‌ನಲ್ಲಿ ದೇವತೆಗಳಿಗೂ ವೀರರಿಗೂ ಮೀಸಲಾಗಿದ್ದ ಗೆರೆ. ಗುರುವಿನ ಬಳಿ ಹರ್ಕ್ಯುಲಿಸ್‌ನ ತೊಡೆಗೆ ಕಲಿತದ್ದನ್ನು ಶಿಷ್ಯ ಕೊಳೆಯುತ್ತಿದ್ದ ಪ್ರಾಣಿಯ ಹೊಟ್ಟೆಗೆ ಹಚ್ಚಿದ್ದಾನೆ. ಆದ್ದರಿಂದಲೇ ಆ ತಿಮಿಂಗಿಲಕ್ಕೆ ಒಂದು ಬಗೆಯ ಘನತೆ ಬಂದಿದೆ. ಅಸಹ್ಯ ಹುಟ್ಟಿಸಬೇಕೆಂದಿದ್ದರೆ ಗೆರೆಗಳನ್ನು ತುಂಡರಿಸಬಹುದಿತ್ತು, ಕಲಕಬಹುದಿತ್ತು.

ಇನ್ನೊಂದು, ಆ ದೊಡ್ಡ ಮನುಷ್ಯನ ಕರವಸ್ತ್ರ. ಹಾಳೆಯಲ್ಲಿ ಎಲ್ಲ ಕಡೆ ಗೆರೆ ಕಿಕ್ಕಿರಿದಿರುವಾಗ ಇಲ್ಲಿ ಉಳಿ ಬೇಕೆಂದೇ ಕೈ ತಡೆದಿದೆ. ಅಲ್ಲಿರುವುದು ಕಾಗದದ ಬಿಳುಪು. ವಾಸನೆಯನ್ನು ತಾಮ್ರದಲ್ಲಿ ಕೊರೆಯಲು ಬರುವುದಿಲ್ಲ. ಅದನ್ನು ಕಾಣಿಸಲು ಅವನು ಕಂಡುಕೊಂಡ ದಾರಿ ಇದು.

ಮತ್ತೆ ಅಕ್ಷರಗಳು. ಅಚ್ಚಿನಲ್ಲಿ ಎಲ್ಲವೂ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗುತ್ತದೆ. ಓದಲು ಬರುವ ಲ್ಯಾಟಿನ್ ಸಾಲು ಬೇಕಾದರೆ ತಗಡಿನ ಮೇಲೆ ಪ್ರತಿ ಅಕ್ಷರವನ್ನೂ ಬಲದಿಂದ ಎಡಕ್ಕೆ, ಉಲ್ಟಾ ಕೊರೆಯಬೇಕು. ನಮ್ಮ ತಾಮ್ರಶಾಸನ ಕೊರೆದವರಿಗೆ ಆ ಪಾಡು ಇರಲಿಲ್ಲ, ಅಲ್ಲಿ ತಗಡೇ ಓದುವ ವಸ್ತು. ಡಚ್ ಅಂಗಡಿಗಳಲ್ಲಿ ಅಕ್ಷರ ಮಾತ್ರ ಕೊರೆಯುವ ಪರಿಣತರು ಬೇರೆಯೇ ಇರುತ್ತಿದ್ದರು. ಚಿತ್ರವೂ ಹಾಗೆಯೇ: ದಂಡೆಯಲ್ಲಿ ಬರೆದುಕೊಂಡದ್ದು ಕಾಗದದ ಮೇಲೆ ಸರಿಯಾಗಿ ಬರಬೇಕಾದರೆ ಮೊದಲು ತಗಡಿಗೆ ತಿರುಗಿಸಿ ಇಳಿಸಬೇಕು. ಕಣ್ಣಾರೆ ಕಂಡು ಬರೆದದ್ದು ಎಂದು ನಂಬಿಸುವ ಚಿತ್ರದ ಪ್ರತಿ ಅಂಗುಲವೂ ಕಾರ್ಯಾಗಾರದಲ್ಲಿ ಒಮ್ಮೆ ಮಗುಚಿ ಹಾಕಿದ್ದು.

ಇಷ್ಟಕ್ಕೂ ಕಣ್ಣಾರೆ ಕಂಡೆ ಎನ್ನುವ ಮಾತಿಗೆ ಆ ಕಾಲದಲ್ಲಿ ಎಷ್ಟು ಬೆಲೆಯಿತ್ತು ಎಂಬುದಕ್ಕೆ ಒಂದು ತಮಾಷೆಯ ಸಾಕ್ಷಿಯಿದೆ. 1598ರ ಫೆಬ್ರವರಿಯಲ್ಲಿ ಕಾಟ್‌ವೈಕ್ ಹತ್ತಿರದ ಬರ್ಕ್‌ಹೇಯಲ್ಲಿ ಇಂಥದೇ ಒಂದು ತಿಮಿಂಗಿಲ ಬಿದ್ದಿತ್ತು. ಗೋಲ್ಟ್ಸಿಯಸ್ ಅದನ್ನು ಬರೆದ, ಅವನ ಮಲಮಗ ಯಾಕೊಬ್ ಮಾಥಮ್ ತಾಮ್ರಕ್ಕೆ ಇಳಿಸಿದ. ಅದರಲ್ಲಿ ತಿಮಿಂಗಿಲದ ಈಜುರೆಕ್ಕೆ ಕಣ್ಣಿಗೆ ತೀರ ಹತ್ತಿರ ಬಂದು ಕಿವಿಯ ಹಾಗೆ ಕಾಣುತ್ತದೆ. 1601ರಲ್ಲಿ ಇಟಲಿಯ ಆಂಕೋನಾದಲ್ಲಿ ದಂಡೆಗೆ ಬಿದ್ದ ತಿಮಿಂಗಿಲದ ಅಚ್ಚುಚಿತ್ರವೊಂದು ಬಂತು, ಇದ್ದದ್ದನ್ನು ಇದ್ದ ಹಾಗೆ ನೋಡಿ ಬರೆದದ್ದು ಎಂಬ ಒಕ್ಕಣೆಯೊಂದಿಗೆ. ಅದಕ್ಕೂ ಅದೇ ಕಿವಿ! ಡಚ್ ಚಿತ್ರವನ್ನೇ ಎದುರಿಟ್ಟುಕೊಂಡು ಇಳಿಸಿದ್ದರು. ಇಂಥ ಮಾರುಕಟ್ಟೆಯಲ್ಲಿ ಸಾನ್ರೆಡಾಮ್ ತನ್ನನ್ನೇ ಚಿತ್ರದೊಳಗೆ ಕೂರಿಸಿಕೊಂಡದ್ದು ಬರೀ ಜಂಬಕ್ಕಲ್ಲ ಎನಿಸುತ್ತದೆ. ಕೈಯಲ್ಲಿ ಹಾಳೆ, ಬೆನ್ನಿಗೆ ಗಾಳಿ ತಡೆಯುವ ಮೇಲಂಗಿ: ನಾನು ಅಲ್ಲಿದ್ದೆ, ಚಳಿ ತಿಂದೆ, ಬರೆದೆ ಎನ್ನುವ ಸಹಿ ಅದು.

ಇನ್ನು ಮೂಗು ಮುಚ್ಚಿದವನ ವಿಚಾರ. ಅವನು ಅರ್ನ್‌ಸ್ಟ್ ಕ್ಯಾಸಿಮಿರ್, ನಸಾವ್ ಮನೆತನದ ಕೌಂಟ್, ಡಚ್ ಸೇನಾಪತಿ ಮೌರಿಟ್ಸ್‌ನ ಚಿಕ್ಕಪ್ಪನ ಮಗ. ಆಗ ಅವನಿಗೆ ಇಪ್ಪತ್ತೆಂಟರ ಪ್ರಾಯ. ಚಿತ್ರ ಅರ್ಪಣೆಯಾಗಿರುವುದೂ ಅವನಿಗೇ. ಯುದ್ಧದ ಮನುಷ್ಯ ಡಿಸೆಂಬರಿನಲ್ಲಿ ತಿಮಿಂಗಿಲ ನೋಡುತ್ತ ನಿಂತಿದ್ದಕ್ಕೂ ಅರ್ಥವಿದೆ. ಚಳಿಗಾಲಕ್ಕೆ ದಂಡಯಾತ್ರೆ ನಿಲ್ಲುತ್ತಿತ್ತು. ಆ ನವೆಂಬರಿನಲ್ಲಿ ಮೌರಿಟ್ಸ್ ಡೆನ್ ಬಾಸ್ ಪಟ್ಟಣಕ್ಕೆ ಹಾಕಿದ ಮುತ್ತಿಗೆಯನ್ನು ಚಳಿ ತಡೆಯಲಾರದೆ ಎತ್ತಿದ್ದ. ದಕ್ಷಿಣದಲ್ಲಿ ಓಸ್ಟೆಂಡ್ ಕೋಟೆಯನ್ನು ಸ್ಪೇನಿನ ಕಡೆಯವರು 1601ರ ಬೇಸಿಗೆಯಿಂದ ಮುತ್ತಿ ಕೂತಿದ್ದರು. ಅದು ಮುಗಿದದ್ದು 1604ರಲ್ಲಿ, ಓಸ್ಟೆಂಡ್ ಬಿದ್ದಾಗ. ಇಂಥ ಹೊತ್ತಿನಲ್ಲಿ ಕಡಲಿನಿಂದ ಬಂದ ದೈತ್ಯ ಸತ್ತು ಬಿದ್ದಿದೆ, ನಮ್ಮ ಸರದಾರ ಅದರ ಮುಂದೆ ನಿಂತಿದ್ದಾನೆ. ಓದುವವರು ತಮಗೆ ಬೇಕಾದಂತೆ ಓದಿಕೊಳ್ಳಬಹುದು: ಶತ್ರು ಬಂದ ಸೂಚನೆ ಎಂದಾದರೂ, ಶತ್ರು ಬಿದ್ದ ಸೂಚನೆ ಎಂದಾದರೂ. ಕೌಂಟನ ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. 1632ರಲ್ಲಿ ರೂರ್ಮಾಂಡ್ ಮುತ್ತಿಗೆಯಲ್ಲಿ ಅವನ ತಲೆಗೆ ಗುಂಡು ಹೊಡೆಯಿತು. ಗುಂಡು ತೂತು ಮಾಡಿದ ಆ ಟೋಪಿ ಅದೇ ರೈಕ್ಸ್‌ಮ್ಯೂಸಿಯಂನಲ್ಲಿದೆ. ಚಿತ್ರದಲ್ಲಿನ ಗರಿಯ ಟೋಪಿ ನೋಡಿ ಅದನ್ನೂ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಅರ್ಪಣೆ ಎಂದರೆ ಭಕ್ತಿಯಷ್ಟೇ ಅಲ್ಲ, ದೊಡ್ಡವರು ಕೈಬಿಚ್ಚಿ ಏನಾದರೂ ಕೊಟ್ಟಾರು ಎಂಬ ನಿರೀಕ್ಷೆಯೂ ಹೌದು. ಕೆಳಗಿನ ಲ್ಯಾಟಿನ್ ಪದ್ಯ ಥಿಯೊಡೊರಸ್ ಸ್ಕ್ರೆವೇಲಿಯಸ್ ಎಂಬ ಹಾರ್ಲೆಮ್‌ನ ವಿದ್ವಾಂಸನದು. ಅದು ಓದಿದವರಿಗೆ. ಚೌಕಟ್ಟಿನ ಗ್ರಹಣ, ಭೂಕಂಪ ಹೆದರುವವರಿಗೆ. ನಡುವಿನ ಪ್ರಾಣಿ, ಅಳತೆಗೆ ಸಿಗುವ ಹಾಗೆ ಕರಾರುವಾಕ್ಕಾಗಿ ಬರೆದದ್ದು, ಕುತೂಹಲಿಗಳಿಗೆ, ವೈದ್ಯರಿಗೆ, ಸಂಗ್ರಹಕಾರರಿಗೆ. ಗುಂಪಿನಲ್ಲಿ ನಿಂತ ಅಷ್ಟೂ ತಲೆಗಳು, ನಾನೂ ಅಲ್ಲಿದ್ದೆ ಎಂದು ಹೇಳಿಕೊಳ್ಳಬಯಸುವ ಊರವರಿಗೆ. ಒಂದು ತಗಡಿನಿಂದ ಒಳ್ಳೆಯ ಪ್ರತಿಗಳು ನೂರಾರು ತೆಗೆಯಬಹುದು, ಗೆರೆ ಸವೆದು ಮಸುಕಾಗುವ ತನಕ ಇನ್ನೂ ತೆಗೆಯಬಹುದು. ಅಷ್ಟು ತಿಂಗಳು ಕೊರೆದವನು ಒಂದೇ ಬಗೆಯ ಗಿರಾಕಿಯನ್ನು ನೆಚ್ಚಿ ಕೂರುವ ಹಾಗಿರಲಿಲ್ಲ. ಒಂದು ಹಾಳೆಗೆ ಒಂದೇ ಅರ್ಥ ಹುಡುಕುವುದು ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ತಗಡನ್ನು ತಿದ್ದಲೂ ಬರುತ್ತದೆ. ಬೇಡವಾದ ಗೆರೆಯನ್ನು ಹೆರೆದು, ಆ ಜಾಗ ತಗ್ಗಾದರೆ ಹಿಂದಿನಿಂದ ಸುತ್ತಿಗೆಯಲ್ಲಿ ಬಡಿದು ಮೇಲೆಬ್ಬಿಸಿ, ಉಕ್ಕಿನ ಮೆರುಗುಕೋಲಿನಿಂದ ತಿಕ್ಕಿ ನುಣುಪಾಗಿಸಿ, ಮತ್ತೆ ಕೊರೆಯುವುದು. ಅಜ್ಜಿ ಇದನ್ನು ಕಲಿಸುವಾಗ ಶೆಡ್ಡಿನಲ್ಲಿ ಕಿವಿ ಕಿತ್ತುಹೋಗುವ ಸದ್ದು. ಈ ಚಿತ್ರದ ಕೆಲವು ಪ್ರತಿಗಳಲ್ಲಿ ಚೌಕಟ್ಟಿನೊಳಗೆ ರೆಕ್ಕೆಯ ಅಸ್ಥಿಪಂಜರವಾಗಿ ಬಂದ ಸಾವು ಆಮ್‌ಸ್ಟರ್‌ಡ್ಯಾಮ್ ನಗರದ ಪ್ರತೀಕವಾದ ಕನ್ಯೆಯತ್ತ ಬಾಣ ಬಿಡುತ್ತಿದೆ. ಆ ವರ್ಷಗಳಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಪ್ಲೇಗ್ ಬಡಿದಿತ್ತು. ತಿಮಿಂಗಿಲಕ್ಕೆ ಗ್ರಹಣ ಸೇರಿತು, ಭೂಕಂಪ ಸೇರಿತು, ಪ್ಲೇಗೂ ಸೇರಿಕೊಂಡಿತು. ಸುದ್ದಿ ಬೆಳೆದ ಹಾಗೆ ತಗಡಿನ ಅಂಚು ತುಂಬುತ್ತ ಹೋಯಿತು.

ಇಷ್ಟರ ನಡುವೆ ತಿಮಿಂಗಿಲವನ್ನೇ ಮರೆಯಬಾರದಲ್ಲ. ಸ್ಪರ್ಮ್ ತಿಮಿಂಗಿಲ ಆಳ ಕಡಲಿನಲ್ಲಿ ಸ್ಕ್ವಿಡ್ ತಿಂದು ಬದುಕುವ ಪ್ರಾಣಿ. ಉತ್ತರದ ತಣ್ಣೀರಿಗೆ ಹೋಗಿಬರುವ ಗಂಡುಗಳು ದಾರಿ ತಪ್ಪಿ ಉತ್ತರ ಸಮುದ್ರದ ಆಳವಿಲ್ಲದ ಭಾಗಕ್ಕೆ ನುಗ್ಗಿದರೆ ಅಲ್ಲಿ ತಿನ್ನಲು ಸಿಗುವುದಿಲ್ಲ, ನಿಧಾನಕ್ಕೆ ಏರುವ ಮರಳಿನ ತಳ ಗೊತ್ತಾಗುವುದಿಲ್ಲ. ಈಗಲೂ ಹೀಗೇ ಆಗುತ್ತದೆ. 2016ರ ಜನವರಿಯಲ್ಲಿ ಡಚ್ಚರ ಟೆಕ್ಸೆಲ್ ದ್ವೀಪಕ್ಕೆ ಐದು ಗಂಡುಗಳು ಒಟ್ಟಿಗೆ ಬಂದು ಬಿದ್ದವು. ಆ ಫೋಟೋಗಳಲ್ಲೂ ಜನ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಾರೆ. ಮೂಗು ಮುಚ್ಚುವ ಕೈಯಲ್ಲಿ ಮೊಬೈಲ್ ಇದೆ. ನಮ್ಮ ಕಡೆಯ ಪತ್ರಿಕೆಗಳಲ್ಲಿ ಇದೇ ಪ್ರಾಣಿ ಕಾಣಿಸಿಕೊಳ್ಳುವುದು ಅಪರಾಧ ಸುದ್ದಿಯ ಪುಟದಲ್ಲಿ, ಅಂಬರ್‌ಗ್ರಿಸ್ ಮಾರಲು ಹೋಗಿ ಸಿಕ್ಕಿಬಿದ್ದವರ ಜೊತೆ. ತಿಮಿಂಗಿಲದ ವಾಂತಿ ಎಂದು ನಮ್ಮವರು ಕರೆಯುವುದು ಇದರ ಕರುಳಿನಲ್ಲಿ ಗಟ್ಟಿಯಾದದ್ದನ್ನೇ.

ಕೊನೆಗೆ ಹಣದ ವಿಷಯ. 1602ರ ಮಾರ್ಚ್ 20ರಂದು, ಬಹುಶಃ ಈ ತಗಡು ಇನ್ನೂ ಮೇಜಿನ ಮೇಲೆ ಇದ್ದಾಗಲೇ, ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಸಿಕ್ಕಿತು. ಆಮ್‌ಸ್ಟರ್‌ಡ್ಯಾಮ್ ಶಾಖೆಯ ಷೇರಿಗೆ ಆಗಸ್ಟ್ ಕೊನೆಯ ತನಕ ಯಾರು ಬೇಕಾದರೂ ಹೆಸರು ಬರೆಸಬಹುದಿತ್ತು. 1,143 ಮಂದಿ ಬರೆಸಿದರು. ಮುಂದೆ ಮಲಬಾರ್ ಕರಾವಳಿಯಿಂದ ನಮ್ಮ ಬಸರೂರಿನವರೆಗೂ ಅಕ್ಕಿ, ಮೆಣಸಿಗೆ ಬಂದ ಕಂಪನಿ ಇದೇ. ಸಾನ್ರೆಡಾಮ್ ಕೂಡ ಈ ಕಂಪನಿಯಲ್ಲಿ ದುಡ್ಡು ಹಾಕಿದ್ದ. 1607ರಲ್ಲಿ ಅವನು ತೀರಿಕೊಂಡಾಗ ಮಗ ಪೀಟರ್‌ಗೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಅಪ್ಪನ ಆ ಹೂಡಿಕೆಯ ಆಸರೆಯಿಂದಲೇ ಮಗ ಬೇಗ ಬೇಗ ಚಿತ್ರ ಮಾರಬೇಕಾದ ಹಂಗಿಲ್ಲದೆ, ಚರ್ಚುಗಳ ಒಳಾಂಗಣವನ್ನು ಅಳೆದು ಅಳೆದು, ವರ್ಷಗಟ್ಟಲೆ ಕಾದು ಬರೆಯುವ ವರ್ಣಚಿತ್ರಕಾರನಾದ. 1649ರಲ್ಲಿ ಅವನು ಬರೆದ ಅಸೆನ್‌ಡೆಲ್ಫ್ಟ್ ಚರ್ಚಿನ ಚಿತ್ರದಲ್ಲಿ ಮುಂಭಾಗದ ನೆಲಹಾಸಿನಲ್ಲಿ ಅಪ್ಪನ ಗೋರಿಕಲ್ಲು ಹೆಸರಿನ ಸಮೇತ ಕಾಣುತ್ತದೆ. ಕಡಲು ಕೆಡುಕಿನ ಸೂಚನೆ ತರುತ್ತದೆಂದು ಚೌಕಟ್ಟಿನಲ್ಲಿ ಕೊರೆದವನೇ ಅದೇ ಕಡಲಿನ ಮೇಲೆ ಹಣ ಕಟ್ಟಿದ್ದು ನನಗೆ ವಿರೋಧಾಭಾಸವಾಗಿ ಕಾಣುವುದಿಲ್ಲ. ಶಕುನಕ್ಕೆ ಗಿರಾಕಿ ಇದ್ದರು, ಮೆಣಸಿಗೂ ಇದ್ದರು.

ಹಾಗಂದಾಗ ಮೇಷ್ಟ್ರು ಒಪ್ಪಲಿಲ್ಲ. "ನೀನು ಅವನನ್ನ ಬರೀ ವ್ಯಾಪಾರಿ ಮಾಡಿಬಿಟ್ಟೆ" ಎಂದರು. "ನೆಲ ನಡುಗಿದ ದಿನ ಅವನೂ ನಡುಗಿರ್ತಾನೆ ಕಣಮ್ಮ. ಕೈಯಲ್ಲಿ ಉಳಿ ಇತ್ತೋ ಏನೋ."

"ಇದ್ದಿದ್ರೆ ಗೆರೆ ತಪ್ಪಿರಬೇಕಲ್ಲ ಮೇಷ್ಟ್ರೇ" ಎಂದೆ.

"ಹುಡುಕು ಹಾಗಾದ್ರೆ. ಅದಕ್ಕೇ ಅಲ್ವಾ ಆ ದೊಡ್ಡ ಸ್ಕ್ಯಾನು ಇಟ್ಟಿರೋದು."